ಈಗ ಯಾವ ಮಳೆ?

ಪ್ರತಿ ವರ್ಷ ಜೂನ್ ಬಂದರೆ ಓದುಗರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮಾತು ಬೇರೆ ಬೇರೆ, ತಿರುಳು ಒಂದೇ. “ಕ್ಯಾಲೆಂಡರಿನಲ್ಲಿ ಜೂನ್ 8ರ ಚೌಕದಲ್ಲಿ ಮೃಗಶಿರ ಮಳೆ ಆರಂಭ ಅಂತ ಸಣ್ಣಕ್ಷರದಲ್ಲಿ ಹಾಕಿದ್ದಾರೆ. ಅವತ್ತು ನಮ್ಮೂರಲ್ಲಿ ಒಂದು ಹನಿಯೂ ಬೀಳಲಿಲ್ಲ. ಇದನ್ನೆಲ್ಲ ಇನ್ನೂ ಯಾಕೆ ಅಚ್ಚು ಹಾಕುತ್ತಾರೆ?” ಈ ಸಲ ಹೀಗೆ ಕೇಳಿದವಳು ಒಂಬತ್ತನೇ ತರಗತಿಯ ಹುಡುಗಿ. ಅವಳಿಗೆ ಎರಡು ಸಾಲಿನ ಉತ್ತರ ಬರೆಯಲು ಕೂತೆ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅನ್ನಿಸಿತು.

ತೊಡಕಿರುವುದು ‘ಮಳೆ’ ಅನ್ನುವ ಮಾತಿನಲ್ಲೇ. ನಮ್ಮ ಕಡೆಯ ರೈತರು “ಮೃಗಶಿರ ಮಳೆ ಮುಗೀತು, ಆದರೆ ಮಳೆ ಬರಲಿಲ್ಲ” ಅಂತಾರೆ. ಕೇಳುವವರಿಗಾಗಲಿ ಹೇಳುವವರಿಗಾಗಲಿ ಅದರಲ್ಲಿ ವಿರೋಧ ಕಾಣುವುದಿಲ್ಲ. ಮೊದಲನೆಯ ‘ಮಳೆ’ ಕಾಲದ ಹೆಸರು, ಹದಿಮೂರು ಹದಿನಾಲ್ಕು ದಿನದ ಒಂದು ಗಡುವು. ಎರಡನೆಯ ‘ಮಳೆ’ ಆಕಾಶದಿಂದ ಬೀಳುವ ನೀರು. ಮೊದಲನೆಯದು ಹುಟ್ಟುತ್ತದೆ, ನಡೆಯುತ್ತದೆ, ಮುಗಿಯುತ್ತದೆ. “ಆರಿದ್ರೆ ಹುಟ್ಟಿತು” ಅನ್ನುತ್ತಾರೆಯೇ ಹೊರತು ಆರಿದ್ರೆ ಸುರಿಯಿತು ಅಂತಲ್ಲ. ಸುರಿಯುವುದು ಬಿಡುವುದು ಎರಡನೆಯದಕ್ಕೆ ಸೇರಿದ್ದು. ಕ್ಯಾಲೆಂಡರಿನವರು ಜೂನ್ 8ಕ್ಕೆ ಅಚ್ಚು ಹಾಕುವುದು ಮೊದಲನೆಯದನ್ನು.

ನಮ್ಮ ದೊಡ್ಡಪ್ಪನ ಊರು ಶಿರಾ ಸೀಮೆಯಲ್ಲಿದೆ. ರಜೆಗೆ ಹೋದಾಗ ನಾನು ಅಲ್ಲಿ ಕಲಿತ ಮೊದಲ ಪಾಠವೇ ಇದು. ಜಗಲಿಗೆ ಯಾರೇ ಬಂದು ಕೂತರೂ ನೀರು ಕುಡಿದು ಕೇಳುತ್ತಿದ್ದುದು “ಈಗ ಯಾವ ಮಳೆ?” ಅಂತ. ದೊಡ್ಡಪ್ಪ “ಹುಬ್ಬೆ ಹುಟ್ಟಿ ನಾಕು ದಿನ ಆಯ್ತಲ್ಲ” ಅಂದರೆ ಬಂದವರಿಗೆ ಇವತ್ತಿನ ತಾರೀಕು ತಿಳಿದಂತೆ. ಹುಬ್ಬೆ ಹುಟ್ಟುವುದು ಆಗಸ್ಟ್ 30 ಅಥವಾ 31ಕ್ಕೆ. ಹಾಗಾದರೆ ಅಂದು ಸೆಪ್ಟೆಂಬರ್ 3ರ ಆಸುಪಾಸು. ದೊಡ್ಡಪ್ಪನಿಗೆ ಸೆಪ್ಟೆಂಬರ್ ಅನ್ನುವ ಹೆಸರಿನ ಅಗತ್ಯ ಬರುತ್ತಿದ್ದುದು ಸೊಸೈಟಿಯಲ್ಲಿ ಸಾಲದ ಕಂತು ಕಟ್ಟುವಾಗ ಮಾತ್ರ.

ಈ ಗಡುವಿನ ಲೆಕ್ಕ ಸರಳವಾಗಿದೆ. ವರ್ಷದಲ್ಲಿ ಸೂರ್ಯ ನಕ್ಷತ್ರಗಳ ನಡುವೆ ಒಂದು ಸುತ್ತು ಬಂದಂತೆ ನಮಗೆ ಕಾಣುತ್ತದೆ. ಆ 360 ಡಿಗ್ರಿಯ ದಾರಿಯನ್ನು ಹಿಂದಿನವರು 27 ಪಾಲು ಮಾಡಿದರು. ಅಶ್ವಿನಿಯಿಂದ ರೇವತಿಯವರೆಗೆ ಪ್ರತಿ ಪಾಲಿಗೂ ಒಂದು ನಕ್ಷತ್ರದ ಹೆಸರು. ಒಂದು ಪಾಲು ದಾಟಲು ಸೂರ್ಯನಿಗೆ ಸರಾಸರಿ ಹದಿಮೂರೂವರೆ ದಿನ ಬೇಕು. ಭೂಮಿ ಜುಲೈ ಮೊದಲ ವಾರದಲ್ಲಿ ಸೂರ್ಯನಿಂದ ಅತಿ ದೂರದಲ್ಲಿದ್ದು ನಿಧಾನವಾಗಿ ಚಲಿಸುತ್ತದೆ. ಹಾಗಾಗಿ ನಮ್ಮ ಮಳೆಗಾಲದ ಮಳೆಗಳಿಗೆ ಹೆಚ್ಚುಕಡಿಮೆ ಹದಿನಾಲ್ಕು ದಿನ ಸಿಗುತ್ತದೆ, ಚಳಿಗಾಲದ ನಕ್ಷತ್ರಗಳಿಗೆ ಹದಿಮೂರು. ಸೂರ್ಯ ಯಾವ ಪಾಲಿನಲ್ಲಿದ್ದಾನೋ ಆ ಮಳೆ ನಡೆಯುತ್ತಿದೆ ಅಂತ ಅರ್ಥ. ಲೆಕ್ಕ ಇಷ್ಟೇ.

ಆದರೆ ನಮ್ಮ ಹೆಚ್ಚಿನ ಹಬ್ಬಗಳು ಚಂದ್ರನನ್ನು ಹಿಡಿದು ನಡೆಯುವಾಗ ರೈತ ಮಾತ್ರ ಸೂರ್ಯನನ್ನು ಯಾಕೆ ಹಿಡಿದ? ಈ ವಿಷಯದಲ್ಲಿ ನನಗೆ ಅತಿ ಪ್ರೀತಿಯ ಭಾಗ ಇದೇ. ಚಾಂದ್ರಮಾನದ ಹನ್ನೆರಡು ತಿಂಗಳು ಕೂಡಿಸಿದರೆ 354 ದಿನ. ಋತು ತಿರುಗಿ ಬರಲು 365 ದಿನ ಬೇಕು. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬೀಳುವ ಚಂದ್ರನ ಲೆಕ್ಕವನ್ನು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಸರಿದೂಗಿಸುತ್ತಾರೆ. ಹಾಗಾಗಿ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ ಬಂತು, 2026ರಲ್ಲಿ ಮಾರ್ಚ್ 19ಕ್ಕೆ ಬಿದ್ದಿದೆ. ಮೂರು ವರ್ಷದೊಳಗೆ ಮೂರು ವಾರ ಆಚೀಚೆ. ಹೋಳಿಗೆ ತಟ್ಟಲು ಇದರಿಂದ ತೊಂದರೆಯಿಲ್ಲ. ರಾಗಿ ಬಿತ್ತುವವನು ಮಾತ್ರ ಹೀಗೆ ಓಲಾಡುವ ಗಡಿಯಾರ ನೋಡಿಕೊಂಡು ಬಿತ್ತಿದರೆ ಕೆಟ್ಟ. ಆಷಾಢಕ್ಕೆ ಮೊದಲು ಅಧಿಕಮಾಸ ಬಂದ ವರ್ಷ ಆಷಾಢ ತಡವಾಗುತ್ತದೆ, ಹಾಗಂತ ಮುಂಗಾರು ತಡವಾಗಿ ಬರುವುದಿಲ್ಲ. ಅದಕ್ಕೇ ಒಂದೇ ಪಂಚಾಂಗದೊಳಗೆ ಎರಡು ಗಡಿಯಾರ ಇಟ್ಟುಕೊಂಡರು, ಹಬ್ಬಕ್ಕೆ ಚಂದ್ರ, ಬೇಸಾಯಕ್ಕೆ ಸೂರ್ಯ. ಯುಗಾದಿ ಎಲ್ಲಿಗೇ ಓಡಾಡಲಿ, ಮೃಗಶಿರ ಹುಟ್ಟುವುದು ಜೂನ್ 8ರ ಸುಮಾರಿಗೇ.

ನಕ್ಷತ್ರ ಅಂದ ತಕ್ಷಣ ರಾತ್ರಿ ಮಹಡಿ ಹತ್ತಿ ಹುಡುಕಲು ಹೋಗಬೇಡಿ. ರೋಹಿಣಿ ಮಳೆ ನಡೆಯುವಾಗ ರೋಹಿಣಿ ನಕ್ಷತ್ರ ಕಾಣುವುದಿಲ್ಲ. ಸೂರ್ಯ ಅದರ ಬಳಿಯೇ ಇರುವುದರಿಂದ ಅದು ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ, ಬೆಳಕಿನಲ್ಲಿ ಅಡಗಿರುತ್ತದೆ. ಹಾಗಾದರೆ ಕಾಣದ ನಕ್ಷತ್ರದಲ್ಲಿ ಸೂರ್ಯ ಇದ್ದಾನೆಂದು ಹಿಂದಿನವರು ಹೇಗೆ ಕಂಡುಕೊಂಡರು? ಒಂದು ದಾರಿ, ಬೆಳಗಿನ ಜಾವ ಸೂರ್ಯನಿಗಿಂತ ಸ್ವಲ್ಪ ಮೊದಲು ಯಾವ ನಕ್ಷತ್ರ ಏಳುತ್ತದೆ ಅಂತ ನೋಡುವುದು. ಇನ್ನೊಂದು ದಾರಿ ನಮ್ಮ ತಿಂಗಳ ಹೆಸರುಗಳಲ್ಲೇ ಅಡಗಿದೆ. ಹುಣ್ಣಿಮೆಯ ದಿನ ಚಂದ್ರ ಸೂರ್ಯನಿಗೆ ನೇರ ಎದುರಿಗಿರುತ್ತಾನೆ. ಅವತ್ತು ಚಂದ್ರ ಯಾವ ನಕ್ಷತ್ರದ ಬಳಿಯೋ ಆ ತಿಂಗಳಿಗೆ ಆ ಹೆಸರು. ಕೃತ್ತಿಕೆಯ ಬಳಿ ಹುಣ್ಣಿಮೆಯಾದರೆ ಕಾರ್ತಿಕ, ಮಘೆಯ ಬಳಿ ಆದರೆ ಮಾಘ. ಅಲ್ಲಿಂದ ಆರು ತಿಂಗಳು ಕಳೆದರೆ ಅದೇ ಜಾಗಕ್ಕೆ ಸೂರ್ಯ ಬಂದಿರುತ್ತಾನೆ. ಮಾಘಸ್ನಾನ ಕೊರೆಯುವ ಚಳಿಯಲ್ಲಿ, ಮಘೆ ಮಳೆ ಆಗಸ್ಟಿನಲ್ಲಿ. ಒಂದೇ ಹೆಸರು ವರ್ಷದ ಎರಡು ತುದಿಯಲ್ಲಿ ಯಾಕಿದೆ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಕಾರ್ತಿಕ ಹುಣ್ಣಿಮೆಯ ಒಂದು ರಾತ್ರಿ ಚಂದ್ರನ ಪಕ್ಕ ಮಿಣುಕುತ್ತಿದ್ದ ಕೃತ್ತಿಕೆಯ ಗೊಂಚಲು ನೋಡುತ್ತಿದ್ದಾಗ ಇದು ಬಗೆಹರಿಯಿತು. ಮೇ ತಿಂಗಳ ನಡುವೆ ಕೃತ್ತಿಕೆ ಮಳೆ ಹುಟ್ಟಿದಾಗ ಆ ಗೊಂಚಲ ಜಾಗದಲ್ಲಿ ಸೂರ್ಯ ನಿಂತಿರುತ್ತಾನೆ.

ಇನ್ನು ಹೆಸರುಗಳ ವಿಚಾರ. ಪಂಚಾಂಗದ ಸಂಸ್ಕೃತ ಹೆಸರು ಹೊಲದಲ್ಲಿ ಹಾಗೇ ಉಳಿದಿಲ್ಲ. ಆರ್ದ್ರಾ ಆರಿದ್ರೆ ಆಗಿದೆ, ಆಶ್ಲೇಷಾ ಅಸಲೆ ಆಗಿದೆ, ಮಘಾ ಮಗೆ ಆಗಿದೆ. ಆರ್ದ್ರಾ ಎಂದರೆ ಒದ್ದೆ ಎಂದೇ ಅರ್ಥ, ಆಕಾಶದ ನಕ್ಷತ್ರವೊಂದಕ್ಕೆ ಒದ್ದೆ ಅಂತ ಹೆಸರಿಟ್ಟವರು ಅದನ್ನು ಮಳೆಯ ಜೊತೆಗೇ ನೋಡಿದ್ದವರಿರಬೇಕು. ಈ ಹೆಸರುಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಹುಬ್ಬೆ. ಅದರ ಮೂಲ ಪೂರ್ವಾ, ಪೂರ್ವಾ ಫಲ್ಗುಣಿ. ಪ್ರಾಕೃತದ ಬಾಯಲ್ಲಿ ಅದು ಪುಬ್ಬಾ ಆಯಿತು, ಪಂಚಾಂಗದವರು ಇವತ್ತಿಗೂ ಪುಬ್ಬಾ ಅಂತಲೇ ಬರೆಯುತ್ತಾರೆ. ಕನ್ನಡದಲ್ಲಿ ಹತ್ತನೇ ಶತಮಾನದ ಆಸುಪಾಸಿನಿಂದ ಶುರುವಾಗಿ ಮುಂದಿನ ಕೆಲವು ಶತಮಾನಗಳಲ್ಲಿ ಪದದ ಮೊದಲಿನ ಪಕಾರ ಹಕಾರವಾಗುತ್ತ ಹೋಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಅದೇ ಹೊಳೆಯಲ್ಲಿ ತೇಲಿ ಪುಬ್ಬೆ ಹುಬ್ಬೆಯಾಗಿದೆ. ಹಾಲು, ಹುಲಿ, ಹೂವುಗಳಷ್ಟೇ ದಿನಬಳಕೆಯ ಮಾತಾಗಿದ್ದರೆ ಮಾತ್ರ ಒಂದು ನಕ್ಷತ್ರದ ಹೆಸರಿಗೆ ಹೀಗಾಗಲು ಸಾಧ್ಯ ಅಂತ ನನಗೆ ತೋರುತ್ತದೆ. ಪಂಚಾಂಗ ಓದುವವರು ಪಕಾರ ಉಳಿಸಿಕೊಂಡರು, ನೇಗಿಲು ಹಿಡಿದವರು ಹಕಾರ ಮಾಡಿಕೊಂಡರು. ಓದಿದವರಿಂದ ನಿನ್ನೆ ಮೊನ್ನೆ ಎರವಲು ಪಡೆದ ಮಾತು ಇದಲ್ಲ.

ಮುಂಗಾರು, ಹಿಂಗಾರು ಎಂಬ ಮಾತುಗಳನ್ನೂ ಬಿಡಿಸಿ ನೋಡಬಹುದು. ಕಾರ್ ಎಂದರೆ ಕಪ್ಪು, ಮಳೆಗಾಲ ಅಂತಲೂ ಹೌದು. ಕಾರ್ಮುಗಿಲಿನಲ್ಲಿ, ಕಾರಿರುಳಿನಲ್ಲಿ ಇರುವುದು ಅದೇ. ಮುನ್ ಸೇರಿ ಮುಂಗಾರು, ಹಿನ್ ಸೇರಿ ಹಿಂಗಾರು. ತೆಲುಗರು ಇದೇ ಹದಿಮೂರು ಹದಿನಾಲ್ಕು ದಿನದ ಗಡುವನ್ನು ಕಾರ್ತೆ ಅನ್ನುತ್ತಾರೆ, ಮಲಯಾಳಿಗಳು ಞಾಟ್ಟುವೇಲ ಅನ್ನುತ್ತಾರೆ. ನಮ್ಮ ಆರಿದ್ರೆ ಅವರಿಗೆ ತಿರುವಾದಿರ ಞಾಟ್ಟುವೇಲ, ಕಾಳುಮೆಣಸಿನ ಬಳ್ಳಿ ನೆಡುವ ಕಾಲ. ಕಲ್ಲಿಕೋಟೆಯ ಕಡೆ ಒಂದು ಕಥೆ ಹೇಳುತ್ತಾರೆ. ಪೋರ್ಚುಗೀಸರು ಮೆಣಸಿನ ಬಳ್ಳಿಯನ್ನೇ ತಮ್ಮ ದೇಶಕ್ಕೆ ಒಯ್ಯುತ್ತಾರೆಂದು ಸಾಮೂದಿರಿ ದೊರೆಗೆ ಚಿಂತೆಯಾದಾಗ ಅವನ ಮಂತ್ರಿ, ಬಳ್ಳಿ ಒಯ್ಯಬಹುದು, ನಮ್ಮ ತಿರುವಾದಿರ ಞಾಟ್ಟುವೇಲವನ್ನು ಒಯ್ಯಲಾಗುವುದಿಲ್ಲವಲ್ಲ ಅಂದನಂತೆ. ನಡೆದದ್ದೋ ಕಟ್ಟಿದ್ದೋ, ಆ ಮಾತಿನಲ್ಲಿ ಒಬ್ಬ ಕೃಷಿಕನ ತಿಳಿವಳಿಕೆ ಇದೆ.

ಗಾದೆಗಳ ಬಗ್ಗೆ ಎಲ್ಲರೂ ಕೇಳುತ್ತಾರೆ, ನಿಜವೇ ಅಂತ. ಒಂದೊಂದನ್ನೂ ಹೊಲದಲ್ಲಿಟ್ಟು ನೋಡಬೇಕು. “ಮಗೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು” ಅನ್ನುವ ಮಾತು ರಾಗಿ ಸೀಮೆಯ ಎಲ್ಲರ ಬಾಯಲ್ಲಿದೆ. ಮಗೆ ಆಗಸ್ಟ್ 17ರ ಸುಮಾರಿಗೆ ಹುಟ್ಟಿ 30ರವರೆಗೆ ನಡೆಯುತ್ತದೆ. ಜುಲೈ ನಡುವೆ ಬಿತ್ತಿದ ರಾಗಿ ಆಗ ತೆಂಡೆ ಒಡೆಯುತ್ತಿರುತ್ತದೆ. ಬುಡದಿಂದ ಎಷ್ಟು ತೆಂಡೆ ಒಡೆಯಿತೋ ಅಷ್ಟು ತೆನೆ. ಆ ಹೊತ್ತಿಗೆ ನೆಲ ಒಣಗಿದರೆ ಪೈರು ಒಂಟಿ ಕಡ್ಡಿಯಾಗಿ ನಿಲ್ಲುತ್ತದೆ, ಆಮೇಲೆ ಎಷ್ಟು ಸುರಿದರೂ ಕಳೆದದ್ದು ಬರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮುಂಗಾರು ಹಿಮಾಲಯದ ತಪ್ಪಲಿನ ಕಡೆ ಸರಿದು ನಮ್ಮಲ್ಲಿ ವಾರಗಟ್ಟಲೆ ಬಿಡುವು ಕೊಡುವುದೂ ಉಂಟು. ಬೆಳೆಗೆ ಅಗತ್ಯ ಹೆಚ್ಚಿರುವ ಹೊತ್ತಿನಲ್ಲೇ ಮಳೆ ಕೈಕೊಡುವ ಸಂಭವವೂ ಹೆಚ್ಚು. ಬೆಳೆಯುವ ಮಗನ ಊಟಕ್ಕೆ ಹೋಲಿಸಿದ್ದು ಪ್ರಾಸಕ್ಕೆ ಮಾತ್ರವಲ್ಲ. ಒಂದು ಪೈರಿನ ವಯಸ್ಸನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಮಾತು ನಾನು ಬೇರೆಲ್ಲೂ ಕೇಳಿಲ್ಲ.

“ಕುರುಡು ಚಿತ್ತೆ ಎರಚಿದತ್ತ ಬೆಳೆ” ಅನ್ನುವುದೂ ಹಾಗೇ. ಚಿತ್ತೆ ಅಕ್ಟೋಬರ್ ಎರಡನೇ ವಾರದ ಹೊತ್ತಿನದು. ಅಷ್ಟರಲ್ಲಿ ನೈರುತ್ಯದ ಗಾಳಿ ಹಿಂದೆ ಸರಿಯುತ್ತಿರುತ್ತದೆ, ಬಂಗಾಳ ಕೊಲ್ಲಿಯ ಕಡೆಯ ಗಾಳಿ ಇನ್ನೂ ನೆಲೆ ನಿಂತಿರುವುದಿಲ್ಲ. ಹಗಲಿನ ಬಿಸಿಲಿಗೆ ಅಲ್ಲಲ್ಲೇ ಮೋಡ ಕಟ್ಟಿ, ಗುಡುಗಿ, ಅಲ್ಲಲ್ಲೇ ಸುರಿದು ಹೋಗುತ್ತದೆ. ಈ ಹೊಲ ಕೆಸರು, ಬದು ದಾಟಿದರೆ ಧೂಳು. ಕುರುಡಿ ಕೈಬೀಸಿ ಎರಚಿದಂತೆ ಅಂದವರು ಗುಡುಗು ಮಳೆಯ ನಡತೆಯನ್ನು ಸರಿಯಾಗಿಯೇ ಕಂಡಿದ್ದರು. ಮಳೆ ಎಂದರೆ ಜೂನ್, ಜುಲೈ ಅಂತ ಶಾಲೆಯಲ್ಲಿ ಓದಿದವರಿಗೆ ಒಂದು ಮಾತು ಹೇಳಬೇಕು. ಮಲೆನಾಡು, ಕರಾವಳಿಗೆ ಅದು ನಿಜ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯಲ್ಲಿ ದೊಡ್ಡ ಪಾಲು ಆರಿದ್ರೆ, ಪುನರ್ವಸು, ಪುಷ್ಯಗಳದೇ. ಬಯಲುಸೀಮೆಯ ದಕ್ಷಿಣದ ಜಿಲ್ಲೆಗಳಿಗೆ ಮಾತ್ರ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ನಮ್ಮ ಕಡೆ ಮಾತಿನ ತುಂಬ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳು ಓಡಾಡುವುದು ಅದಕ್ಕೇ.

ಎಲ್ಲ ಗಾದೆಗೂ ಇಷ್ಟು ತೂಕವಿಲ್ಲ. “ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ” ಅನ್ನುವುದರಲ್ಲಿ ಪ್ರಾಸವೇ ಅರ್ಧ ಕೆಲಸ ಮಾಡಿದೆ. ಭರಣಿ ಮಳೆಯ ಗಾದೆಯಲ್ಲಿ ಭರಣಿಗೆ ಧರಣಿ ಜೊತೆಯಾದದ್ದೂ ಹಾಗೇ. ಪ್ರಾಸ ನೆನಪಿಗೆ ಒಳ್ಳೆಯ ಗಂಟು, ಓದು ಬರಹ ಇಲ್ಲದ ಕಾಲದಲ್ಲಿ ಅದರ ಬೆಲೆ ದೊಡ್ಡದು. ಆದರೆ ಗಂಟು ಕಟ್ಟುವ ಭರದಲ್ಲಿ ಒಂದಿಷ್ಟು ಅರ್ಥ ಆಚೀಚೆ ಆಗಿರಲೂಬಹುದು. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಪಂಚಾಂಗಗಳಲ್ಲಿ ಪ್ರತಿ ಮಳೆಗೂ ಒಂದು ವಾಹನ ಕೊಟ್ಟಿರುತ್ತಾರೆ. ಆನೆ, ಕಪ್ಪೆ, ಎಮ್ಮೆ ಬಂದರೆ ಹೆಚ್ಚು ಮಳೆ, ನರಿ ಬಂದರೆ ಕಡಿಮೆ ಅಂತ. ಅದನ್ನು ನಾನು ನಂಬುವುದಿಲ್ಲ. ಅದು ಎಣಿಕೆಯಿಂದ ಬಂದ ಭವಿಷ್ಯ, ನೋಡಿ ಕಂಡ ಮಾತಲ್ಲ. ಮಗೆಯ ಗಾದೆಯನ್ನೂ ನರಿಯ ವಾಹನವನ್ನೂ ಒಂದೇ ಬುಟ್ಟಿಗೆ ಹಾಕಿ ಪೂಜೆ ಮಾಡುವುದಾಗಲಿ ಬುಟ್ಟಿ ಸಮೇತ ಎಸೆಯುವುದಾಗಲಿ ಬೇಡ ಅನ್ನುವುದಷ್ಟೇ ನನ್ನ ಮನವಿ.

ದೊಡ್ಡಪ್ಪ ಮಾಡುತ್ತಿದ್ದುದೂ ಅದನ್ನೇ. ಮಳೆಯ ಹೆಸರು ಅವರಿಗೆ ಸಿದ್ಧವಾಗಿರು ಅನ್ನುವ ಸೂಚನೆ, ಬಿತ್ತು ಅನ್ನುವ ಅಪ್ಪಣೆ ಆಗಿರಲಿಲ್ಲ. ಪುನರ್ವಸುವಿನ ಒಂದು ರಾತ್ರಿ ಅಂಗಳದ ಒರಳುಕಲ್ಲು ತುಂಬುವಷ್ಟು ಮಳೆಯಾಗಿತ್ತು. ಬೆಳಗ್ಗೆ ನನ್ನನ್ನೂ ಕರೆದುಕೊಂಡು ಹೊಲಕ್ಕೆ ನಡೆದರು. ಬದುವಿನಿಂದ ಹತ್ತು ಹೆಜ್ಜೆ ಒಳಗೆ ಹೋಗಿ ಕೂತು, ಮೇಲಿನ ಮಣ್ಣು ಸರಿಸಿ, ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಕೆಮ್ಮಣ್ಣು ತೆಗೆದರು. ಮುಷ್ಟಿ ಕಟ್ಟಿ ಹಿಂಡಿ, ಬಿಚ್ಚಿದರು. ಅಂಗೈಯಲ್ಲಿ ಮುದ್ದೆಯಂತೆ ಕೂತಿತ್ತು, ಬೆರಳಿನ ಗುರುತೆಲ್ಲ ಅದರ ಮೇಲೆ ಮೂಡಿತ್ತು. ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದರು, ತಗ್ಗು ಬಿತ್ತೇ ಹೊರತು ಒಡೆಯಲಿಲ್ಲ. “ಇವತ್ತು ಬ್ಯಾಡ, ನಾಳೆ ಹೊತ್ತಾರೆ ನೋಡಾನ” ಅಂದರು. ಮಾರನೆ ದಿನ ಅದೇ ಜಾಗದ ಮಣ್ಣು ಹೆಬ್ಬೆರಳು ತಾಗುತ್ತಲೇ ಮೂರು ಹೋಳಾಯಿತು. “ಹದ ಬಂತು” ಅಂತ ಎದ್ದು ನಿಂತು ಮನೆ ಕಡೆ ಕೂಗಿದರು. ಅರ್ಧ ಗಂಟೆಯಲ್ಲಿ ಎತ್ತು ಕಟ್ಟಿ ಕೂರಿಗೆ ಹೊಲಕ್ಕೆ ಬಂತು. ಆಕಾಶದ ಲೆಕ್ಕ ಹದಿನಾಲ್ಕು ದಿನದ ಬಾಗಿಲು ತೆರೆದಿತ್ತು, ಅದರೊಳಗೆ ಯಾವ ದಿನ ಕಾಲಿಡಬೇಕು ಅಂತ ಹೇಳಿದ್ದು ಆ ಹಿಡಿ ಮಣ್ಣು.

ಮಳೆಯ ಬಗ್ಗೆ ಬರೆದಿಡುವುದೂ ಕನ್ನಡದಲ್ಲಿ ಹಳೆಯದೇ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆ, ಗಿಡಮರ, ನೀರಿನ ಸೆಲೆಗಳ ಜೊತೆ ಮಳೆಯ ವಿಚಾರವೂ ಇದೆ. ಸುಮಾರು 1300ರ ಅರ್ಹದ್ದಾಸನ ‘ರಟ್ಟಮತ’ದಲ್ಲಿ ಮಳೆ, ಮಿಂಚು, ಭೂಕಂಪಗಳದ್ದೇ ಮಾತು. ರಾಜರ ಕಾಳಗದ ಕಾವ್ಯಗಳು ಪಠ್ಯಕ್ಕೆ ಬಂದಷ್ಟು ಈ ಪುಸ್ತಕಗಳು ಬರಲಿಲ್ಲ. ಅದು ನನಗೆ ನೋವಿನ ವಿಷಯ.

ಇನ್ನೊಂದು ಸತ್ಯ ಹೇಳದಿದ್ದರೆ ಆ ಹುಡುಗಿಗೆ ಅರ್ಧ ಉತ್ತರ ಕೊಟ್ಟಂತಾದೀತು. ಈ ಗಡಿಯಾರ ಸ್ವಲ್ಪ ಸ್ವಲ್ಪವೇ ಜರುಗುತ್ತಿದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದರಿಂದ, ನಕ್ಷತ್ರ ಹಿಡಿದು ಎಣಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಎಪ್ಪತ್ತು ವರ್ಷಕ್ಕೆ ಒಂದು ದಿನದ ವ್ಯತ್ಯಾಸ. ಸ್ವಾಮಿ ವಿವೇಕಾನಂದರು 1863ರ ಜನವರಿ 12ರಂದು ಹುಟ್ಟಿದಾಗ ಅವತ್ತು ಮಕರ ಸಂಕ್ರಾಂತಿ, ಈಗ ಅದು 14 ಅಥವಾ 15ಕ್ಕೆ ಬರುತ್ತದೆ. ಆರ್ಯಭಟನ ಕಾಲದಲ್ಲಿ, ಅಂದರೆ 1,500 ವರ್ಷದ ಹಿಂದೆ, ಸೂರ್ಯ ಅಶ್ವಿನಿಗೆ ಕಾಲಿಡುತ್ತಿದ್ದುದು ಹಗಲು ರಾತ್ರಿ ಸಮವಾಗುವ ಮಾರ್ಚ್ 21ರ ಹೊತ್ತಿಗೆ, ಈಗ ಏಪ್ರಿಲ್ 14ಕ್ಕೆ. ಮೂರು ವಾರಕ್ಕೂ ಹೆಚ್ಚು ಜರುಗಿದೆ. ಹಾಗಾಗಿ ಯಾವುದೋ ಪುರಾತನ ಶ್ಲೋಕ ಮೃಗಶಿರದ ಬಗ್ಗೆ ಹೇಳಿದ್ದನ್ನು ಇವತ್ತಿನ ಜೂನ್ 8ಕ್ಕೆ ಅಂಟಿಸುವುದು ತಪ್ಪು. ಗಾದೆಗಳ ಮಾತು ಬೇರೆ. ಮುನ್ನೂರು ವರ್ಷ ಹಳೆಯದಾದರೂ ನಾಲ್ಕು ದಿನದ ವ್ಯತ್ಯಾಸ, ಅಷ್ಟನ್ನು ಯಾವ ರೈತನೂ ಸಹಿಸಿಕೊಳ್ಳುತ್ತಾನೆ. ಈಗ ಮಳೆಯೇ ಲಯ ತಪ್ಪುತ್ತಿದೆ, ಒಂದು ವಾರದ್ದು ಒಂದೇ ರಾತ್ರಿ ಸುರಿಯುತ್ತದೆ ಅಂತ ದೊಡ್ಡಪ್ಪನ ಮಗ ಹೇಳುತ್ತಾನೆ. ಅವನು ಫೋನಿನಲ್ಲಿ ಮುನ್ಸೂಚನೆ ನೋಡುತ್ತಾನೆ, ನೋಡಲೇಬೇಕು. ನೋಡಿ ಹೇಳುವುದು ಮಾತ್ರ “ಉತ್ತರೆ ಎರಡನೇ ಪಾದದಲ್ಲಿ ಬರಬಹುದು” ಅಂತಲೇ.

ನಮ್ಮಮ್ಮನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತಿದೆ. ಆ ಕಾಲದ ಎಷ್ಟೋ ಜನರದ್ದು ಅದೇ ತಾರೀಕು, ಸೇರಿಸಿಕೊಂಡ ಮೇಷ್ಟ್ರು ಬರೆದದ್ದು. ಅಜ್ಜಿ ಮಾತ್ರ ಬೇರೆ ಹೇಳುತ್ತಿದ್ದಳು. “ಮಗೆ ಹುಟ್ಟಿ ಮೂರನೇ ದಿನ. ಕುಂಟೆ ಹೊಡೆಯೋಕೆ ಹೋದೋರು ಮಳೆ ಅಂತ ನೆನ್ಕೊಂಡು ವಾಪಸ್ ಬಂದಿದ್ರು.” ಯಾವ ವರ್ಷ ಅಂತ ಅಜ್ಜಿಗೆ ಗೊತ್ತಿರಲಿಲ್ಲ. ತಿಥಿ ಹೇಳಿದ್ದರೆ ವರ್ಷ ಗೊತ್ತಿಲ್ಲದೆ ತಾರೀಕು ಸಿಗುತ್ತಿರಲಿಲ್ಲ, ಅವಳು ಹೇಳಿದ್ದು ಮಳೆ. ಆದ್ದರಿಂದ ಕೆಲವು ವರ್ಷದಿಂದ ನಮ್ಮ ಮನೆಯಲ್ಲಿ ಅಮ್ಮನ ಹುಟ್ಟುಹಬ್ಬ ಆಗಸ್ಟ್ 19ಕ್ಕೆ. ಹೋದ ವರ್ಷ ಅವತ್ತು ಸಂಜೆ ಸಣ್ಣಗೆ ಹನಿಯುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು, ಸೂರಿನಾಚೆಗೆ ಕೈ ಚಾಚಿ, ಒದ್ದೆಯಾದ ಅಂಗೈ ನೋಡಿಕೊಂಡು “ಇದು ಸಾಲದು, ತೆಂಡೆ ಒಡೆಯೋಕೆ ಇನ್ನೊಂದು ಹದ ಬೇಕು” ಅಂದಳು.